ಕೂಗಿಕೊಂಡು ಬರುವ ವ್ಯಾನು

ಹೆಬ್ಬಾಳ
೧೨-೮-೧೯೮೨

ಗಂಗಾನಗರದ ಸಮಸ್ತ ಮಹಾಜನಗಳೇ,

ಹುಡುಗನ ಕೈಲಿ ಕಳಿಸಿದ ಈ ಪತ್ರ ಜಿಯಾವುಲ್ಲಾ ಸಾಹೇಬರೊಬ್ಬರಿಗೇ. ಆದರೆ ನಿಮ್ಮ ಮನೆಯಲ್ಲಿ ಕಾಗದ ಗಟ್ಟಿಯಾಗಿ ಓದುತ್ತಾರೆಂದು ಬಲ್ಲೆ, ಸಾಹೇಬರೇ. ಪಕ್ಕದ ಮನೆ ಗೋಪಾಲಮ್ಮನವರೂ ಕೇಳಿಸಿಕೊಳ್ಳಲಿ.

ಪಶುವೈದ್ಯ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಮುಗಿಯುವಷ್ಟರಲ್ಲಿ ಕತ್ತಲಾಗುತ್ತದೆ. ಅದಕ್ಕೇ ನಾವು ನಾಟಕ ಮಂಡಳಿಯವರು ಪರದೆ ಸಾಗಿಸುವ ವ್ಯಾನಿನಲ್ಲಿ ಹೆಣ್ಣುಮಕ್ಕಳನ್ನು ಪುಕ್ಕಟೆಯಾಗಿ ಮನೆ ಮುಟ್ಟಿಸುತ್ತೇವೆ. ನಿಮ್ಮ ಬಾಗಿಲಲ್ಲಿ ರಂಗದ ಕಂಠದಲ್ಲೇ ಸಾರುತ್ತಿದ್ದೆ: "ಡಾಕ್ಟರ್ ಕುಬ್ರಾ ಬೇಗಂ ದಯಮಾಡಿಸಿದ್ದಾರೆ!"

ಮರ್ಯಾದಸ್ಥರ ಮನೆ, ಮಗಳ ಹೆಸರು ಕೂಗಬೇಡಿ ಎಂದಿರಿ. ಅಂದಿನಿಂದ ಬಾಯಿ ಮುಚ್ಚಿಕೊಂಡು ಬರತೊಡಗಿದೆ. ಕತ್ತಲಲ್ಲಿ ಸದ್ದಿಲ್ಲದೆ ಹುಡುಗಿಯನ್ನು ಇಳಿಸಿ ಹೋಗುವ ವ್ಯಾನು ಯಾರದೆಂದು ಬೀದಿಯಲ್ಲಿ ಗುಸುಗುಸು ಹುಟ್ಟಿತು. ನೀವು ಮಗಳ ಓದನ್ನೇ ನಿಲ್ಲಿಸಿದಿರಿ.

ನಿನ್ನೆ ಗೋಪಾಲಮ್ಮನವರು ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ನಿಮ್ಮ ಗೇಟಿಗೆ ಬಂದಾಗ, ಅದೇ ದಾರಿಯಲ್ಲಿ ಬೇರೆ ಹುಡುಗಿಯರನ್ನು ಮುಟ್ಟಿಸಲು ಹೊರಟಿದ್ದ ನಾನು ವ್ಯಾನಿನಲ್ಲೇ ಕೂತು ಕೇಳುತ್ತಿದ್ದೆ.

"ಏನ್ ಸಾಬ್ರೇ, ಆವಯ್ಯ ಕೂಗಿದ್ರೆ ಯಾರ್ ಬಂದ್ರು ಅಂತ ಬೀದಿಗೆಲ್ಲ ಗೊತ್ತಾಯ್ತಿತ್ತು. ಆ ಕೂಗ್ ಕೇಳೇ ನಾನು ಅನ್ನಕ್ಕೆ ಎಸರಿಡ್ತಿದ್ದೆ. ಆವಯ್ಯನ ಬಾಯ್ ಮುಚ್ಸಿದ್ದು ನೀವು, ಮಗೀನ್ಯಾಕೆ ಮನೇಲಿ ಕೂಡಾಕ್ತೀರಾ?"

ನೀವು ನಕ್ಕಿರಿ. "ಆಯ್ತಮ್ಮಾ, ಕೂಗ್ಕೊಂಡೇ ಬರ್ಲಿ" ಅಂದಿರಿ. ಇಷ್ಟು ವರ್ಷ ಬಣ್ಣ ಹಚ್ಚಿದರೂ ಆ ಮಾತಿಗಿಂತ ದೊಡ್ಡ ಚಪ್ಪಾಳೆ ನನಗೆ ಎಲ್ಲೂ ಸಿಕ್ಕಿರಲಿಲ್ಲ.

ಒಂದು ಕೋರಿಕೆ. ನಿಮ್ಮ ಗೇಟಿನ ಬಲ್ಬು ಹೋಗಿದೆ, ಹೊಸದು ಹಾಕಿಸಿ. ಸಂಜೆಯವರೆಗೆ ಕಾಯುವ ತಾಳ್ಮೆ ಮಾತ್ರ ನನಗಿಲ್ಲ. ನಾಳೆ ಬೆಳಿಗ್ಗೆಯೇ ವ್ಯಾನು ತಂದು ನಿಲ್ಲಿಸಿ, ಡಾಕ್ಟರ್ ಕುಬ್ರಾ ಬೇಗಂ ಕಾಲೇಜಿಗೆ ಹೊರಟಿದ್ದಾರೆಂದು ಇಡೀ ಬೀದಿಗೆ ಸಾರುತ್ತೇನೆ.

ಇಂತಿ ನಿಮ್ಮ,
ಮುನಿಯಲ್ಲಪ್ಪ