ವೀರಭದ್ರನ ಹೆಸರಿನ ಮುಡಿಪು

ಕತ್ರಿಗುಪ್ಪೆ
೧೪ ಜುಲೈ ೨೦೨೪

ಪ್ರೀತಿಯ ಪಪ್ಪಾ,

ಯೇಸುವಿನ ಹೆಸರಿನಲ್ಲಿ ನಿಮಗೂ ಅವ್ವನಿಗೂ ವಂದನೆ. ನಿಮ್ಮ ಕಾಗದ ಬಂದು ಬಹಳ ದಿನವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಬರೆಯಲು ಕೂತರೆ ಕೈ ಓಡುವುದಿಲ್ಲ. ಹಾಗಾಗಿ ಫೋನಿಗೆ ಮಾತಾಡಿ ಹಾಕಿ, ಅದನ್ನೇ ಕೇಳಿಕೊಂಡು ಇಲ್ಲಿ ಇಳಿಸುತ್ತಿದ್ದೇನೆ. ಎದೆಯ ಹೊಲಿಗೆ ಹೇಗಿದೆ? ಉಪ್ಪಿನಕಾಯಿ ಬಿಟ್ಟಿದ್ದೀರೋ, ಅವ್ವನ ಕಣ್ಣು ತಪ್ಪಿಸಿ ತಿನ್ನುತ್ತಿದ್ದೀರೋ? ನನ್ನ ಕನ್ನಡಕದ ಅಂಗಡಿಯ ಕೆಲಸ ನಡೆಯುತ್ತಿದೆ. ಜಯನಗರಕ್ಕೆ ಜಯನಗರವೇ ಒಂದೇ ಸಲ ಕಣ್ಣು ಮಂಜಾಗಿಸಿಕೊಂಡಿದೆಯೇನೋ ಅನ್ನುವಷ್ಟು ಜನ.

ಶುಕ್ರವಾರ ನೀವು ನನ್ನ ರೂಮು ನೋಡಲು ಬರುತ್ತೀರಿ ಎಂದು ಅವ್ವ ಹೇಳಿದಳು. ಬರುವ ಮೊದಲೇ ನಿಮಗೆ ಗೊತ್ತಿರಬೇಕಾದದ್ದು ಒಂದಿದೆ.

ಮನೆ ಓನರ್ ಅಮ್ಮಣ್ಣಿಯವರು ಒಳ್ಳೆಯವರು. ನಾನು ರೂಮು ಕೇಳಲು ಹೋದ ದಿನ ಕಾಫಿ ಕೊಟ್ಟು, ಊರು, ಕೆಲಸ ಎಲ್ಲ ವಿಚಾರಿಸಿ, ಕೊನೆಗೆ "ನಿಮ್ಮ ಮನೆದೇವ್ರು ಯಾವ್ದಮ್ಮ?" ಎಂದರು. ಅದಕ್ಕೂ ಮೊದಲು ಬೇರೆ ಎರಡು ಮನೆಗಳಲ್ಲಿ ಕ್ರೈಸ್ತಳೆಂದು ನಿಜ ಹೇಳಿ, ರೂಮು ಸಿಗದೆ ಮೆಟ್ಟಿಲಿಳಿದು ಬಂದಿದ್ದೆ. ಸುಧಾಮಣಿ ಎಂಬ ಹೆಸರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ವೀರಭದ್ರ ಎಂದುಬಿಟ್ಟೆ. ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯ ಪಾರವ್ವತ್ತೆಯ ದೇವರು. ಬಾಯಿಗೆ ಬಂದದ್ದು ಅದು.

ಬೇಸಿಗೆಯಲ್ಲಿ ನಿಮ್ಮ ಹೃದಯದ ಆಪರೇಷನ್ ದಿನ ಅಮ್ಮಣ್ಣಿಯವರು ಸ್ನಾನ ಮಾಡಿ ಬಂದು, ಅರಿಶಿನದ ಬಟ್ಟೆಯಲ್ಲಿ ನಾಣ್ಯವಿಟ್ಟು ಗಂಟು ಹಾಕಿ, ನಿಮ್ಮ ಹೆಸರಿನಲ್ಲಿ ವೀರಭದ್ರನಿಗೆ ಮುಡಿಪು ಕಟ್ಟಿದರು. ಗುಣವಾದರೆ ಗುಡಿಗೆ ಒಪ್ಪಿಸುತ್ತೇವೆ ಎಂಬ ಹರಕೆ. ನಾನು ಪಕ್ಕದಲ್ಲೇ ನಿಂತಿದ್ದೆ. ಕೈಯನ್ನೂ ಮುಗಿದೆ.

ನೀವು ಬರುವ ಸುದ್ದಿ ಕೇಳಿ ಅವರಿಗೆ ಖುಷಿಯೋ ಖುಷಿ. ಮನೆದೇವರ ಮುಡಿಪನ್ನು ಹೆಚ್ಚು ದಿನ ಇಟ್ಟುಕೊಳ್ಳಬಾರದು, ನಿಮ್ಮಪ್ಪ ವಾಪಸ್ ಹೋಗುವಾಗ ಗುಡಿಗೆ ಮುಟ್ಟಿಸಲಿ ಎಂದು ಆ ಗಂಟನ್ನು ನನ್ನ ಅಂಗೈಯಲ್ಲಿಟ್ಟರು. ಹಿಡಿದುಕೊಳ್ಳಲು ಆಗಲಿಲ್ಲ. ಹೇಳಿಬಿಟ್ಟೆ. ನಾವು ಮುತ್ತಜ್ಜನ ಕಾಲದಿಂದ ಕ್ರೈಸ್ತರು, ನಮ್ಮ ಪಪ್ಪ ಚರ್ಚಿನ ಸಭೆಯ ಹಿರಿಯರು, ವೀರಭದ್ರ ಎಂದದ್ದು ಸುಳ್ಳು ಎಂದೆ.

ಅವರು ದಿವಾನದ ಮೇಲೆ ಕೂತುಬಿಟ್ಟರು. "ಹಂಗಾದ್ರೆ ನಾನು ಯಾರಿಗೆ ಕಟ್ಟಿದ್ದು?" ಎಂದರು.

ಮೊದಲೇ ಹೇಳಿದ್ದರೆ ರೂಮು ಕೊಡುತ್ತಿದ್ದೆನೋ ಇಲ್ಲವೋ ನನಗೂ ಗೊತ್ತಿಲ್ಲ ಎಂದು ಅವರೇ ಒಪ್ಪಿಕೊಂಡರು. ಆಮೇಲೆ, ಇಷ್ಟಾದರೂ ನಿಮ್ಮ ದೇವರು ನಿನ್ನನ್ನು ಸುಮ್ಮನೆ ಬಿಟ್ಟನಾ ಎಂದು ಕೇಳಿದರು. ಕುಟುಕಲು ಅಲ್ಲ, ನಿಜವಾಗಿ ತಿಳಿದುಕೊಳ್ಳಲು. ಸಂಡೇ ಸ್ಕೂಲಿನಲ್ಲಿ ನೀವು ಕಲಿಸಿದ್ದನ್ನೇ ಹೇಳಿದೆ. ಗುಲಾಮಗಿರಿಯಿಂದ ಬಿಡಿಸಿ ತಂದ ತನ್ನ ಜನವೇ ಮರಳುಗಾಡಿನಲ್ಲಿ ಬಂಗಾರದ ಕರು ಮಾಡಿಕೊಂಡು ಅಡ್ಡಬಿದ್ದರೂ, ಆತ ಸಿಟ್ಟಾದ, ಶಿಕ್ಷೆ ಕೊಟ್ಟ, ಆದರೆ ಕೈಬಿಡಲಿಲ್ಲ. ಮಾತು ಕೊಟ್ಟವನು ಆತ. ಜನ ಮರೆತರೂ ಆತ ಉಳಿಸಿಕೊಳ್ಳುತ್ತಾನೆ. ಹೇಳುತ್ತಾ ಹೇಳುತ್ತಾ ನನಗೇ ಸ್ವಲ್ಪ ಧೈರ್ಯ ಬಂದಿತ್ತು.

"ಕೈಬಿಡಲ್ಲ ಅಂತ ಗೊತ್ತಿದ್ದೇ ಹಿಂಗ್ ಮಾಡಿದ್ಯಾ?"

ಪಪ್ಪಾ, ಆತ ಬಿಟ್ಟುಬಿಡುವ ದೇವರಾಗಿದ್ದರೆ ಹೆದರಿಯಾದರೂ ನಿಜ ಹೇಳುತ್ತಿದ್ದೆನೇನೋ. ಬಾಡಿಗೆ ಮನೆ ಕೈತಪ್ಪೀತು ಎಂಬ ಹೆದರಿಕೆಗೆ, ಎಂದೂ ಬಿಡದವನನ್ನೇ ಬಿಟ್ಟುಕೊಟ್ಟೆ.

ರೂಮು ಖಾಲಿ ಮಾಡು ಎಂದೂ ಅವರು ಹೇಳಿಲ್ಲ, ಇರು ಎಂದೂ ಹೇಳಿಲ್ಲ. ನಿಮ್ಮಪ್ಪ ಬರಲಿ, ಅವರನ್ನು ನೋಡಬೇಕು ಎಂದಿದ್ದಾರೆ ಅಷ್ಟೆ. ಗಂಟನ್ನು ಅವರು ದೇವರಮನೆಗೆ ಒಯ್ದಿಲ್ಲ, ನಾನು ರೂಮಿಗೆ ತಂದಿಲ್ಲ. ಇಬ್ಬರ ನಡುವೆ ಮೆಟ್ಟಿಲ ಕಟ್ಟೆಯ ಮೇಲಿದೆ. ನೀವು ಬನ್ನಿ. ಊಟಕ್ಕೆ ಮೊದಲು ಊರಿನಲ್ಲಿ ಮಾಡುವ ಹಾಗೆ ಜೋರಾಗಿಯೇ ಪ್ರಾರ್ಥನೆ ಮಾಡಿ. ಕಿಟಕಿ ತೆರೆದೇ ಇಡುತ್ತೇನೆ.

ದೇವರು ನಿಮ್ಮನ್ನು ಗಟ್ಟಿಯಾಗಿಡಲಿ, ಅವ್ವನ ಮಂಡಿನೋವು ಇಳಿಸಲಿ.

ನಿಮ್ಮ ಮಗಳು
ಸುಧಾಮಣಿ

ತಾ.ಕ.: ಅವ್ವ ಓದಿ ಹೇಳುತ್ತಿದ್ದರೆ ಇಲ್ಲಿಗೆ ನಿಲ್ಲಿಸಲಿ, ಇದನ್ನು ನೀವೊಬ್ಬರೇ ಓದಿ. ಆಪರೇಷನ್‌ಗೆ ಒಳಗೆ ಕರೆದೊಯ್ಯುವ ಮೊದಲು ಫೋನ್ ಮಾಡಿ, "ಒಂದು ಪ್ರಾರ್ಥನಾ ಮಾಡವಾ" ಎಂದಿರಿ. ಆಗ ಅಮ್ಮಣ್ಣಿಯವರು ನನ್ನೆದುರಿಗೆ ಗಂಟು ಹಾಕುತ್ತಿದ್ದರು. ಕೇಳಿಸುತ್ತಿಲ್ಲ ಎಂದು ಹೇಳಿ ನಾನೇ ಕಟ್ ಮಾಡಿದೆ. ನಿಮ್ಮ ದನಿ ಚೆನ್ನಾಗಿ ಕೇಳುತ್ತಿತ್ತು, ಪಪ್ಪಾ. ಲೈನು ಹೋದರೂ ಮಗಳ ಪ್ರಾರ್ಥನೆ ಮುಟ್ಟಿತು ಎಂದು ನೀವು ಸಭೆಯಲ್ಲಿ ಸಾಕ್ಷಿ ಹೇಳಿದಿರಂತೆ. ನಾನು ಮಾಡಿರಲಿಲ್ಲ. ಆ ಹೊತ್ತು ನಿಮಗಾಗಿ ಕಣ್ಣು ಮುಚ್ಚಿ ಬೇಡಿಕೊಂಡವರು ಅಮ್ಮಣ್ಣಿಯವರು.