ಬಾಗಿಲ ಪಕ್ಕದ ಕಬ್ಬಿಣದ ಕುರ್ಚಿ

ನ್ಯಾಮತಿ
14 ನವೆಂಬರ್ 2024, ಗುರುವಾರ

ಅಕ್ಷಿತಾಳ ಅಪ್ಪಾಜಿಯವರಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀವು ನಂಬುವುದಿಲ್ಲ, ನೀವು ಚೆನ್ನಾಗಿದ್ದೀರಾ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅದಕ್ಕೇ ಅವೆರಡನ್ನೂ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಲೇತ್ ಅಂಗಡಿಯನ್ನು ಬಾಡಿಗೆಗೆ ಕೊಟ್ಟೆ. ಹೋದ ವಾರ ಮಂಗಳವಾರ ಕರಾರಿಗೆ ಸಹಿ ಆಯಿತು. ಜಾಗ ನನ್ನ ಅಪ್ಪ ಕೊಟ್ಟಿದ್ದು, ಆದರೆ ಮಿಷನ್ ನೀವು ತಂದದ್ದು. ನಿಮಗೊಂದು ಮಾತು ತಿಳಿಸದೆ ಇರುವುದು ಸರಿಯಲ್ಲ ಅನ್ನಿಸಿತು. ಫೋನ್ ಮಾಡಬಹುದಿತ್ತು ನಿಜ. ಫೋನಿನಲ್ಲಿ ನಮ್ಮಿಬ್ಬರಿಗೆ ಜಗಳ ಬಿಟ್ಟು ಬೇರೆ ಮಾತು ಬರುವುದಿಲ್ಲ, ಅದೂ ಏಳು ವರ್ಷದಿಂದ ಅಭ್ಯಾಸ ತಪ್ಪಿದೆ.

ಯಾಕೆ ಕೊಟ್ಟೆ ಎಂದು ಕೇಳುತ್ತೀರಿ. ಸಾಕಾಯ್ತು ಕಣ್ರೀ. ನೀವು ಹೋದ ಮೇಲೆ ಮೂರು ಜನ ಕೆಲಸಕ್ಕೆ ಬಂದರು. ಮೊದಲನೆಯವನು ಬೆಳಿಗ್ಗೆಯೇ ಕುಡಿದು ಬರುತ್ತಿದ್ದ. ಅವನ ಬೆರಳು ಎಲ್ಲಿ ಮಿಷನ್ನಿಗೆ ಸಿಕ್ಕೀತೋ ಎಂದು ನಾನು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಎರಡನೆಯವನು ಒಳ್ಳೆಯವನು, ಹರಿಹರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತೆಂದು ಹೋದ. ಮೂರನೆಯವನು ನಮ್ಮ ಗಿರಾಕಿಗಳನ್ನೆಲ್ಲ ಜೊತೆಗೆ ಕರೆದುಕೊಂಡು ಹೊನ್ನಾಳಿಯಲ್ಲಿ ಸ್ವಂತ ಅಂಗಡಿ ಇಟ್ಟ. ಇಟ್ಟವನು ಸುಮ್ಮನಿದ್ದನೇ? ಪೂಜೆಗೆ ನನ್ನನ್ನೇ ಕರೆದ. ನಾನೂ ಹೋಗಿ ಉಂಡು ಬಂದೆ, ಇನ್ನೇನು ಮಾಡಲಿ.

ಆಮೇಲೆ ಬರೀ ವೆಲ್ಡಿಂಗ್ ಕೆಲಸವನ್ನು ಯಾರ್‍ಯಾರದೋ ಕೈಕಾಲು ಹಿಡಿದು ಮಾಡಿಸುತ್ತಿದ್ದೆ. ಬಾಗಿಲ ಪಕ್ಕದ ಆ ಕಬ್ಬಿಣದ ಕುರ್ಚಿಯಲ್ಲಿ ನಾನು ಕೂತೇ ಇರುತ್ತಿದ್ದೆ. ಸಾಸ್ವೆಹಳ್ಳಿಯಿಂದಲೋ ಕತ್ತಲಗೆರೆಯಿಂದಲೋ ಒಬ್ಬ ರೈತ ಪಂಪಿನ ಶಾಫ್ಟ್ ಹೆಗಲ ಮೇಲೆ ಹೊತ್ತು ಬರುತ್ತಾನೆ, ಒಳಗೆ ಇಣುಕುತ್ತಾನೆ, ನನ್ನ ಮುಖವನ್ನೇ ನೋಡಿ "ಯಾರೂ ಇಲ್ವೇನಮ್ಮಾ?" ಎನ್ನುತ್ತಾನೆ. ನಾನು ಕೂತಿರುವುದು ಕಾಣುವುದಿಲ್ಲವೇ ಎಂದು ಮೊದಮೊದಲು ರೇಗುತ್ತಿದ್ದೆ. ಈಚೆಗೆ ಯಾರೂ ಇಲ್ಲ ಎಂದು ನಾನೇ ಹೇಳಿ ಕಳಿಸುತ್ತಿದ್ದೆ.

ಗಣಪತಿ ಹಬ್ಬ ಕಳೆದ ಮೇಲೆ ಒಬ್ಬ ಗುಜರಿಯವನು ಬಂದ. ನಾನು ಕರೆದಿರಲಿಲ್ಲ, ಬಾಗಿಲು ಮುಚ್ಚಿರುವುದೇ ಹೆಚ್ಚೆಂದು ಯಾರೋ ಹೇಳಿದ್ದರಂತೆ. ಒಳಗೆ ಬಂದವನು ಚಪ್ಪಲಿ ಕಾಲಿನಿಂದ ಲೇತ್ ಮಿಷನ್ನನ್ನು ತಟ್ಟಿ ನೋಡಿ, ಕಬ್ಬಿಣ ಒಳ್ಳೆಯದಿದೆ, ಕೆಜಿ ಲೆಕ್ಕದಲ್ಲಿ ತಗೋತೀನಿ ಎಂದ. ಕಾಲಿನಿಂದ! ಪ್ರತಿ ಅಮಾವಾಸ್ಯೆ ನಾನು ಕುಂಕುಮ ಇಟ್ಟು ನಿಂಬೆಹಣ್ಣು ಒಡೆಯುವ ಮಿಷನ್ನು. ಬಾಯಿಗೆ ಬಂದದ್ದನ್ನು ಅಂದು ಅವನನ್ನು ರಸ್ತೆಗೆ ಅಟ್ಟಿದೆ. ಅಂದು ಸಂಜೆ ಅಕ್ಷಿತಾಳಿಗೆ ಫೋನ್ ಮಾಡಿ ಅತ್ತೆ. ಅಪ್ಪಾಜಿಗೆ ಹೇಳಬೇಡ ಎಂದು ಅವಳಿಂದ ಮಾತು ತೆಗೆದುಕೊಂಡೆ. ಅವಳು ಮಾತು ಉಳಿಸಿಕೊಂಡಳೋ ಇಲ್ಲವೋ ನಿಮಗೇ ಗೊತ್ತು.

ಅದಾಗಿ ವಾರ ಕಳೆದಿರಲಿಲ್ಲ, ಈ ಹುಡುಗ ಬಂದ. ಹುಡುಗ ಅನ್ನುತ್ತೇನೆ, ಎರಡು ಮಕ್ಕಳ ತಂದೆ. ಪರಶುರಾಮ್ ಅಂತ ಹೆಸರು. ಜಗಳೂರಿನ ಕಡೆಯವನು. ನಿಮಗೆ ಗೊತ್ತಿರಲಿಕ್ಕಿಲ್ಲ ಬಿಡಿ, ಜಗಳೂರು ದೊಡ್ಡ ಊರು. ಅಂಗಡಿ ಬಾಡಿಗೆಗೆ ಕೊಡ್ತೀರಂತೆ ಎಂದ. ಹಾಗೆಂದು ನಾನು ಯಾರಿಗೂ ಹೇಳಿರಲಿಲ್ಲ. ನೋಡೋಣ ಎಂದೆ. ಅವನು ಶಟರಿನಿಂದ ಹಿಡಿದು ಸ್ವಿಚ್ಚಿನವರೆಗೆ ಎಲ್ಲವನ್ನೂ ನೋಡಿದ. ಶಟರಿನ ಬಲಗಡೆ ಬೀಗ ಯಾಕೆ ಹಾಗೇ ತುಕ್ಕು ಹಿಡಿದು ನೇತಾಡುತ್ತಿದೆ ಎಂದು ಕೇಳಿದ. ಅದರ ಕೀ ಕಳೆದುಹೋಗಿದೆ, ಎಡಗಡೆ ಒಂದೇ ಸಾಕು ಎಂದೆ.

ಮಿಷನ್ ಓಡಿಸಿ ತೋರಿಸು ಅಂದೆ. ಪಕ್ಕದ ಬೀದಿಯವರ ಮೆಕ್ಕೆಜೋಳದ ಮಿಷನ್ನಿನ ಶಾಫ್ಟ್ ಒಂದು ಬಂದು ಬಿದ್ದಿತ್ತು. ಅದನ್ನು ಮಿಷನ್ನಿಗೆ ಕಟ್ಟಿದ. ಸ್ವಿಚ್ ಹಾಕುವ ಮುಂಚೆ ಶಾಫ್ಟ್ ಕಚ್ಚಿ ಹಿಡಿದ ಚಕ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿದ. ಸರಿ, ಇದನ್ನು ಬಲ್ಲವರೆಲ್ಲ ಮಾಡುತ್ತಾರೆ ಎಂದುಕೊಂಡೆ. ಆಮೇಲೆ ತಿರುಗುವ ಶಾಫ್ಟಿಗೆ ಟೂಲ್ ಕೊಟ್ಟ. ಕಬ್ಬಿಣದ ಮೊದಲನೇ ಸುರುಳಿ ಉದ್ದಕ್ಕೆ ಬಂತು. ಮಿಷನ್ ನಿಲ್ಲಿಸಿ, ಅದನ್ನು ಇಕ್ಕಳದಿಂದ ಎತ್ತಿ, ತಲೆಯನ್ನೂ ಎತ್ತದೆ ಸ್ವಿಚ್ ಬೋರ್ಡಿನ ಪಕ್ಕದ ಮೊಳೆಗೆ ನೇತುಹಾಕಿದ. ದಿನದ ಮೊದಲನೇ ಸುರುಳಿ ಬೋಣಿ, ಅದು ಸಂಜೆಯವರೆಗೆ ಮೊಳೆಯ ಮೇಲಿರಬೇಕು ಎಂಬ ಹುಚ್ಚು ಈ ನಾಲ್ಕು ತಾಲ್ಲೂಕಿನಲ್ಲಿ ಒಬ್ಬರಿಗೇ ಇರುವುದು. ಆ ಮೊಳೆಗೆ ಏಳು ವರ್ಷದಿಂದ ನಾನು ಒಂದು ಕ್ಯಾಲೆಂಡರ್ ಕೂಡ ಹಾಕಿಲ್ಲ.

ನಿಮ್ಮ ಹತ್ತಿರ ಕಲಿತವನೆಂದು ಅಲ್ಲಿಗೇ ಗೊತ್ತಾಯಿತು. ಕಳಿಸಿದವರು ನೀವೇ ಎಂದೂ ಗೊತ್ತಾಯಿತು. ಏನೂ ಗೊತ್ತಾಗದವಳಂತೆ ಒಳಗೆ ಹೋಗಿ ಚಹಾ ಮಾಡಿದೆ. ಸಕ್ಕರೆ ಎರಡು ಸಲ ಬಿತ್ತು, ಪಾಪ, ಅವನು ಸುಮ್ಮನೆ ಕುಡಿದ.

ಅಡ್ವಾನ್ಸ್, ಬಾಡಿಗೆ ಎಲ್ಲ ಅಕ್ಷಿತಾ ಕೂತು ಮಾತಾಡಿದಳು, ಅದನ್ನೆಲ್ಲ ಅವಳೇ ನಿಮಗೆ ಒಪ್ಪಿಸಿರುತ್ತಾಳೆ. ಎಲ್ಲ ಮುಗಿಯಿತು ಎನ್ನುವಾಗ ಅವನು ತಲೆ ತಗ್ಗಿಸಿಕೊಂಡು ಇನ್ನೊಂದು ಕರಾರು ಹೇಳಿದ.

"ಅಕ್ಕಾ, ತಪ್ಪು ತಿಳ್ಕಬ್ಯಾಡ್ರಿ. ಮಿಷನ್ನು ನನ್ ಮಗು ಇದ್ದಂಗೆ ನೋಡ್ಕಂತೀನಿ. ಆದ್ರೆ ನೀವು ಅಂಗಡ್ಯಾಗೆ ಬಂದು ಕುಂದ್ರಬಾರ್ದು."

ಮೈಯೆಲ್ಲ ಉರಿದುಹೋಯಿತು. ನನ್ನ ಜಾಗದಲ್ಲಿ ನಾನು ಕೂರಬಾರದಂತೆ. ಹಳೇ ಯಜಮಾನರು ಬಾಗಿಲಲ್ಲಿ ಕೂತಿದ್ದರೆ ಗಿರಾಕಿಗಳು ಹೊಸಬನನ್ನು ಮಾತಾಡಿಸುವುದಿಲ್ಲ, ರೇಟನ್ನು ಅವರ ಹತ್ತಿರವೇ ಕೇಳುತ್ತಾರೆ, ಕೆಲಸ ಸರಿಯಿದೆಯಾ ಎಂದು ಅವರ ಮುಖವನ್ನೇ ನೋಡುತ್ತಾರೆ ಎಂದೆಲ್ಲ ಅವನು ವಿವರಿಸಿದ. ನನಗೆ ಅದು ಯಾವುದೂ ಕಿವಿಗೆ ಬೀಳಲಿಲ್ಲ. ನನ್ನ ಕಿವಿಯಲ್ಲಿದ್ದದ್ದು ನೀವು ಅಂದು ಆಡಿದ ಮಾತು. ಮರೆತಿದ್ದರೆ ನೆನಪು ಮಾಡುತ್ತೇನೆ. ಸಾಸ್ವೆಹಳ್ಳಿಯವರ ಶಾಫ್ಟ್ ಮುಗಿಸಿ ನೀವು ಅವರ ಕೈಗೆ ಕೊಟ್ಟಿರಿ. ಇನ್ನೊಂದು ಸಲ ಅಳತೆ ಹಿಡಿದು ನೋಡಿ ಎಂದು ನಾನು ಕುರ್ಚಿಯಿಂದ ಅವರಿಗೇ ಹೇಳಿದೆ. ನೀವು ಕೈ ಒರೆಸಿಕೊಂಡಿರಿ. "ಕುರ್ಚಿ ನಿಂದು, ಮಿಷನ್ನೂ ನೀನೇ ಓಡ್ಸು" ಎಂದಿರಿ. ಮಧ್ಯಾಹ್ನದ ದಾವಣಗೆರೆ ಬಸ್ಸಿಗೆ ಹೋದವರು ಹೋದಿರಿ. ಹಾಗೆಂದು ನಾನು ಇವತ್ತು ತಪ್ಪಾಯಿತು ಎಂದು ಬರೆಯುತ್ತೇನೆಂದು ತಿಳಿಯಬೇಡಿ. ಆ ಶಾಫ್ಟ್ ಕೂದಲೆಳೆಯಷ್ಟು ಕಡಿಮೆಯೇ ಇತ್ತು, ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ.

ಅದಕ್ಕೇ ಪರಶುರಾಮನನ್ನು ನೇರವಾಗಿ ಕೇಳಿಬಿಟ್ಟೆ. ಇದನ್ನು ನಿಮ್ಮ ಮೇಸ್ತ್ರಿ ಹೇಳಿಕೊಟ್ಟು ಕಳಿಸಿದರಾ ಅಂದೆ. ಅವನ ಮುಖ ಬಿಳಿಚಿಕೊಂಡಿತು. ನನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಏಳು ವರ್ಷ ನಾನು ಕಾಯ್ದುಕೊಂಡು ಬಂದ ಅಂಗಡಿಯಿಂದ ನನ್ನನ್ನು ಎಬ್ಬಿಸಲಿಕ್ಕೆ, ತಾವು ಬರಲು ಧೈರ್ಯವಿಲ್ಲದೆ ನಿನ್ನನ್ನು ಕಳಿಸಿದ್ದಾರಾ ಎಂದು ಕೇಳಿದೆ. ಹೌದು ಅಂದಿದ್ದರೆ ಆ ಕರಾರು ಪತ್ರವನ್ನು ಅವನೆದುರೇ ಹರಿದು ಒಲೆಗೆ ಹಾಕುತ್ತಿದ್ದೆ. ಗುಜರಿಯವನನ್ನೇ ಕರೆಯುತ್ತಿದ್ದೆನೋ ಏನೋ, ಅಷ್ಟು ಸಿಟ್ಟು ಬಂದಿತ್ತು.

ಅವನು ಬಾಗಿಲ ಕಡೆ ತಿರುಗಿ ಕುರ್ಚಿಯನ್ನು ನೋಡಿದ. ಆಮೇಲೆ ಹೇಳಿದ.

"ಇಲ್ಲಕ್ಕಾ. ಇದು ನನ್ ಮಾತು. ಮೇಸ್ತ್ರಿ ಬ್ಯಾರೇನೇ ಹೇಳ್ಯಾರೆ. ಬಾಗ್ಲ ಹತ್ರ ಒಂದು ಕುರ್ಚಿ ಐತೆ, ಏನಾದ್ರೂ ಮಾಡು, ಅದನ್ನ ಮಾತ್ರ ಕದಲಿಸ್ಬ್ಯಾಡ ಅಂದಾರೆ. ಅದಕ್ಕೇ ನಂಗೆ ಹೆದ್ರಿಕೆ ಆಗಿದ್ದು."

ಅಕ್ಷಿತಾ ಗೋಡೆ ಕಡೆ ತಿರುಗಿ ನಿಂತಳು. ಇಷ್ಟು ದಿನ ನಿಮ್ಮ ಮೇಲಿನ ಸಿಟ್ಟಿನಲ್ಲೇ ಶಟರ್ ಎತ್ತುತ್ತಿದ್ದೆ, ಇಳಿಸುತ್ತಿದ್ದೆ. ಅದೊಂದು ಇಲ್ಲವಾದ ಮೇಲೆ ಮೊಣಕಾಲು ಎಷ್ಟು ನೋಯುತ್ತಿದೆ ಎಂಬುದು ಗೊತ್ತಾಯಿತು. ಅಲ್ಲೇ ಕೂತುಬಿಟ್ಟೆ. ಕೂತದ್ದು ಆ ಕುರ್ಚಿಯಲ್ಲೇ.

ಆಮೇಲೆ ಅವನ ಕರಾರಿಗೆ ಒಪ್ಪಿದೆ. ಹೆದರಿಕೊಂಡು ಕೆಲಸ ಮಾಡುವವನ ಕೈ ಅಳತೆ ತಪ್ಪುತ್ತದೆ, ನನಗಷ್ಟು ತಿಳಿಯುತ್ತದೆ. ಒಂದು ಮಾತು ಮಾತ್ರ ನಿಮಗೆ ಹೇಳಲೇಬೇಕು. ಆ ಹುಡುಗ ಮುಖ ನೋಡಿ ಹೇಳಿದನಲ್ಲ, ನೀವು ಇಲ್ಲಿ ಕೂತರೆ ನನಗೆ ಕೆಲಸ ಓಡುವುದಿಲ್ಲ ಅಂತ, ಅದನ್ನು ನೀವೂ ಹಾಗೇ ಬಾಯಿಬಿಟ್ಟು ಹೇಳಬಹುದಿತ್ತು. ನಾನು ಬೈಯುತ್ತಿದ್ದೆ. ಒಂದು ದಿನ ಅಡುಗೆ ಮಾಡುತ್ತಿರಲಿಲ್ಲ. ಮೂರನೇ ದಿನ ಹೇಗೂ ಒಪ್ಪುತ್ತಿದ್ದೆ. ಕೈ ಒರೆಸಿಕೊಂಡು ಬಸ್ಸು ಹತ್ತುವವರಿಗೆ ಯಾರು ಏನು ಹೇಳಲಿಕ್ಕಾಗುತ್ತದೆ?

ಕುರ್ಚಿಯನ್ನು ಮನೆಗೆ ತಂದೆ. ಜಗಲಿಯ ಮೇಲಿದೆ. ಮಧ್ಯಾಹ್ನ ಅದರಲ್ಲಿ ಕೂತರೆ ರಸ್ತೆ ಕಾಣುತ್ತದೆ, ನೋಡಲು ಏನೂ ಇರುವುದಿಲ್ಲ. ಸಂಜೆ ನಾಲ್ಕಕ್ಕೆ ಯಾರೋ ಕರೆದಂತಾಗಿ ಎದ್ದು ನಿಲ್ಲುತ್ತೇನೆ, ಮತ್ತೆ ಕೂರುತ್ತೇನೆ. ಅಕ್ಷಿತಾ ತನ್ನ ಮನೆಗೆ ಬಂದಿರು ಎನ್ನುತ್ತಾಳೆ. ಹೋಗಬೇಕು ಅನ್ನಿಸುವುದಿಲ್ಲ, ಇಲ್ಲಿರಬೇಕು ಎಂದೂ ಅನ್ನಿಸುವುದಿಲ್ಲ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿದೆ.

ಈ ಅಮಾವಾಸ್ಯೆಗೆ ಮಿಷನ್ ಪೂಜೆ ಮಾಡಿ, ಮಾರನೇ ದಿನದಿಂದ ಪರಶುರಾಮ್ ಕೆಲಸ ಶುರುಮಾಡುತ್ತಾನೆ. ಅವನ ಹೆಂಡತಿ ಮಕ್ಕಳಿಗೆ ನಮ್ಮ ಹಿಂದಿನ ಬೀದಿಯಲ್ಲೇ ಮನೆ ನೋಡಿದ್ದೇನೆ. ಹುಡುಗ ಒಳ್ಳೆಯವನು. ಚೆನ್ನಾಗಿ ಕಲಿಸಿದ್ದೀರಿ. ಆ ಮೆಕ್ಕೆಜೋಳದ ಶಾಫ್ಟನ್ನು ಅವನು ಹೋದ ಮೇಲೆ ನಾನೇ ಅಳತೆ ಹಿಡಿದು ನೋಡಿದೆ, ಕೂದಲೆಳೆಯೂ ಹೆಚ್ಚುಕಡಿಮೆ ಇರಲಿಲ್ಲ. ಇದನ್ನು ಅವನಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಜಗಳೂರಿನಲ್ಲಿ ಚಳಿ ಬಿದ್ದಿರಬೇಕು. ಮಫ್ಲರ್ ಕಟ್ಟಿಕೊಂಡು ಮಿಷನ್ ಹತ್ತಿರ ನಿಲ್ಲಬೇಡಿ.

ಇಷ್ಟೇ ಬರೆಯಲಿಕ್ಕೆ ಇದ್ದದ್ದು.

ಅಕ್ಷಿತಾಳ ಅವ್ವ
ಸಾವಂತ್ರಮ್ಮ

ಮಡಚಿ ಕವರಿಗೆ ಹಾಕುವ ಮುಂಚೆ ಇನ್ನೊಂದು: ಶಟರಿನ ಬಲಗಡೆ ಬೀಗದ ಕೀ ಕಳೆದುಹೋಗಿದೆ ಎಂದು ಪರಶುರಾಮನಿಗೆ ಹೇಳಿದ್ದು ಸುಳ್ಳು. ನೀವು ಬಸ್ಸು ಹತ್ತಿದಾಗ ಅದು ನಿಮ್ಮ ಜೇಬಿನಲ್ಲಿತ್ತು. ಬೇರೆ ಬೀಗ ಹಾಕಲು ನನಗೆ ಮನಸ್ಸು ಬರಲಿಲ್ಲ, ಏಳು ವರ್ಷ ಒಂದೇ ಕಡೆ ಹಾಕಿಕೊಂಡು ಬಂದೆ. ಅವನು ಹೊಸ ಬೀಗ ತರುತ್ತೇನೆ ಎಂದ. ಬೇಡ, ಕೀ ಎಲ್ಲಿದೆಯೆಂದು ನೆನಪಾಯಿತು, ಅಮಾವಾಸ್ಯೆಯೊಳಗೆ ತರಿಸುತ್ತೇನೆ ಎಂದು ಹೇಳಿದ್ದೇನೆ. ಪೋಸ್ಟಿನಲ್ಲಿ ಕಳಿಸಬೇಡಿ. ಅವನ ಕೈಯಲ್ಲೂ ಕಳಿಸಬೇಡಿ.