ಮಾ-ಮಾ-ಮಾತಿಗೆ ಬೀಗ

ಮಾರ್ಚ್ 4, ಸಂಜೆ

ಗ್ಯಾರೇಜಿನಲ್ಲಿ ಪ್ರಾಕ್ಟೀಸ್. ಗಿಟಾರಿನ ಮೂರನೆಯ ತಂತಿ ಮತ್ತೆ ಸಡಿಲ. ಬಿಗಿಮಾಡುತ್ತಿದ್ದೆ. ನಾವೆಲ್ಲ ‘ಮೀಸೆ’ ಎಂದೇ ಕರೆಯುವ ನಮ್ಮ ಡ್ರಮ್ಮರ್ ಫೋನ್ ಹಿಡಿದು ಬಂದ. ‘ನಿಮ್ಮ ಭಾವನ ಬ್ಯಾಂಡ್ ಹೊಸ ಹಾಡು ಬಿಟ್ಟಿದೆ. ಕೇಳು. ಆಮೇಲೆ ಏನೂ ಒಡೆದುಹಾಕ್ಬೇಡ.’

ಕೇಳಿದೆ. ‘ಮಾ-ಮಾ-ಮಾತಿಗೆ ಬೀಗ, ಕನ್ನಡಿ ಮುಂದೆ ಹೆಸರಿನ ರಾಗ.’

ನನ್ನ ಉಗ್ಗು. ಹಾಡುವಾಗ ಬರುವುದಿಲ್ಲ, ಮಾತಾಡುವಾಗ ಬಿಡುವುದಿಲ್ಲ. ಚಿಕ್ಕವಳಿದ್ದಾಗ ಕನ್ನಡಿ ಮುಂದೆ ನಿಂತು ನನ್ನ ಹೆಸರನ್ನೇ ಉರು ಹೊಡೆಯುತ್ತಿದ್ದೆ. ಕಂಡವಳು ಅಕ್ಕ ಒಬ್ಬಳೇ.

ಭಾವ ನಮ್ಮ ಬ್ಯಾಂಡಿನಲ್ಲೇ ಇದ್ದವರು. ಯಾರು ಹಾಡಬೇಕು ಎಂಬ ಜಗಳದಲ್ಲಿ ಬಿಟ್ಟುಹೋದರು. ಹೋದರು ಅಲ್ಲ, ಹೋದ. ಇವತ್ತಿನಿಂದ ಅವನಿಗೆ ಬಹುವಚನ ಇಲ್ಲ.

ಮಾರ್ಚ್ 9

ಕನ್ನಡಕದ ಅಂಗಡಿ, ನನ್ನ ಕೌಂಟರ್. ‘ಫ್-ಫ್-ಫ್ರೇಮ್’ ಎಂದೆ. ಎದುರಿದ್ದ ಹುಡುಗಿಯರಿಬ್ಬರು ಮುಖ ಮುಖ ನೋಡಿಕೊಂಡು ಅದೇ ಹಾಡು ಗುನುಗಿದರು.

ಅಕ್ಕನಿಗೆ ಫೋನ್. ‘ತಮಾಷೆಗೆ ಬರ್ದಿದಾರೆ ಕಣೇ. ಮನಸ್ಸಿಗೆ ಹಚ್ಕೋಬೇಡ.’

ತಮಾಷೆ! ಮಾಡಿ ತೋರಿಸುತ್ತೇನೆ.

ಮಾರ್ಚ್ 11

ನಾನೂ ಒಂದು ಹಾಡು ಬರೆದೆ. ಒಂದೇ ಪಟ್ಟಿಗೆ. ಅಕ್ಕನ ಹೊಟ್ಟೆಯಲ್ಲಿದ್ದ ಮಗು ಹೋದ ದಿನ. ಅವಳು ಆಸ್ಪತ್ರೆಯಲ್ಲಿ, ಅವನು ಸ್ಟೇಜ್ ಮೇಲೆ. ಸುದ್ದಿ ಮುಟ್ಟಿದ ಮೇಲೂ ಇನ್ನೆರಡು ಹಾಡು ಮುಗಿಸಿಯೇ ಬಂದ.

ಮೀಸೆ ಓದಿ ಕೋಲು ಕೆಳಗಿಟ್ಟ. ‘ಅಕ್ಕನ್ನ ಕೇಳಿದ್ಯಾ?’

‘ಅವನು ನನ್ನ ಕ್-ಕೇಳಿದ್ನಾ?’

ಮಾರ್ಚ್ 30

ಹಾಡು ಹೊರಬಂದು ವಾರ. ಎಲ್ಲರ ಬಾಯಲ್ಲೂ ಅದೇ. ಅವನ ಎರಡು ಶೋ ಕ್ಯಾನ್ಸಲ್. ಫೋನ್ ಮಾಡಿ ಕಿರುಚಿದ. ಪೂರ್ತಿ ಕೇಳಿಸಿಕೊಂಡೆ. ಎಷ್ಟು ಹಾಯೆನಿಸಿತು... ಹೊಟ್ಟೆ ತುಂಬ ಉಂಡೆ.

ಏಪ್ರಿಲ್ 2

ಅಕ್ಕ ಅಂಗಡಿಗೆ ಬಂದಳು. ಕನ್ನಡಕ ನೋಡುವವಳ ಹಾಗೆ ಕೌಂಟರಿನಲ್ಲಿ ಕೂತಳು.

‘ಮಗು ವಿಷ್ಯ ಆಫೀಸಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಈಗ ಬಂದು ಬಂದು ಅಯ್ಯೋ ಪಾಪ ಅಂತಾರೆ. ನಿಮ್ಮ ಭಾವನ ಮಾನ ತೆಗೀಬೇಕಿತ್ತು ಸರಿ, ನಂದ್ಯಾಕೆ?’

‘ನಾ-ನಾ-’ ಎಂದೆ. ಅಕ್ಕ ಕಾದಳು. ನನ್ನ ಮಾತನ್ನು ತಾನೇ ಪೂರ್ತಿಮಾಡಿದವಳಲ್ಲ ಅವಳು, ಯಾವತ್ತೂ.

‘ಕನ್ನಡಿ ವಿಷ್ಯ ನಾನೇ ಅವ್ರಿಗೆ ಹೇಳಿದ್ದು. ನನ್ನ ತಂಗಿ ಎಷ್ಟು ಗಟ್ಟಿಗಿತ್ತಿ ನೋಡಿ ಅಂತ ಹೇಳಿದ್ದೆ.’ ಎದ್ದಳು. ‘ಇನ್ಮೇಲೆ ಆ ಹಾಡು ಹಾಡ್ಬೇಡ.’

ಆಯಿತೆಂದು ತಲೆಯಾಡಿಸಿದೆ.

ಏಪ್ರಿಲ್ 11

ಒಂದೇ ಸ್ಟೇಜ್, ಎರಡೂ ಬ್ಯಾಂಡ್. ಅವನ ಸರದಿ ಮೊದಲು. ‘ಮಾ-ಮಾ-ಮಾ’ ಎಂದು ನನ್ನನ್ನೇ ನೋಡುತ್ತ ಎಳೆದ. ಜನರ ಕೇಕೆ.

ನಮ್ಮ ಸರದಿ. ಎಲ್ಲರೂ ನನ್ನ ಆ ಹಾಡೇ ಬೇಕೆಂದು ಕೂಗಿದರು. ಮುಂದಿನ ಸಾಲಿನಲ್ಲಿ ಅಕ್ಕ. ಮೈಕ್ ಹಿಡಿದೆ. ಹಾಡುವುದಿಲ್ಲ ಎಂದು ಹೇಳಲೆಂದೇ ಹಿಡಿದೆ, ಸತ್ಯವಾಗಿ. ‘ಇವತ್ತು ಅದನ್ನ ಹಾ... ಹಾ-ಹಾ-’

ಇಡೀ ಮೈದಾನ ನಕ್ಕು ಅವನ ಸಾಲನ್ನು ಎತ್ತಿಕೊಂಡಿತು. ಸ್ಟೇಜಿನ ಪಕ್ಕ ನಿಂತು ಅವನೂ.

ಅದನ್ನೇ ಹಾಡಿದೆ. ಒಂದಕ್ಷರ ಬಿಡದೆ. ಎರಡನೆಯ ಚರಣಕ್ಕೆ ಅಕ್ಕ ಎದ್ದು ಹೋದದ್ದು ಕಂಡಿತು. ನಿಲ್ಲಿಸಲಿಲ್ಲ. ನಿಲ್ಲಿಸಬೇಕು ಎನಿಸಲೂ ಇಲ್ಲ. ಅವನ ಮುಖ ಬಿಳುಚಿಕೊಳ್ಳುತ್ತಿತ್ತು, ಅದಷ್ಟೇ ಬೇಕಿತ್ತು.

ಏಪ್ರಿಲ್ 12, ಬೆಳಿಗ್ಗೆ

ಅಕ್ಕ ಸೂಟ್‌ಕೇಸ್ ಸಮೇತ ಬಂದಿದ್ದಾಳೆ. ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳುತ್ತಿರುವುದು ಇಲ್ಲಿಗೂ ಕೇಳುತ್ತಿದೆ. ‘ಆ ಮನೇಲಿ ಒಂದು ಹಾಡು, ಈ ಮನೇಲಿ ಒಂದು ಹಾಡು. ನಾನೆಲ್ಲಿಗೆ ಹೋಗ್ಲಮ್ಮ?’

ಅಮ್ಮ ನನ್ನನ್ನು ಕರೆಯುತ್ತಿದ್ದಾಳೆ. ಹೋಗಬೇಕು. ಮೊದಲ ಮಾತು ಏನಾಡಬೇಕೆಂದು ಇನ್ನೂ ಗೊತ್ತಿಲ್ಲ.